ವೇಗದ ವೀರಗಲ್ಲುಗಳು
(ಬಾನುಲಿ ಭಾಷಣ)

ಮನುಷ್ಯನ ಸಾಹಸಗಳಲ್ಲಿ ಕೆಲವು ತಮ್ಮ ಗುರುತನ್ನು ತಾವೇ ಉಳಿಸಿಹೋಗುತ್ತವೆ. ಕೆರೆ ಕಟ್ಟಿಸಿದವನಿಗೆ ಕೆರೆಯೇ ಸಾಕ್ಷಿ, ಗುಡಿ ಕಟ್ಟಿಸಿದವನಿಗೆ ಗುಡಿಯೇ ಸಾಕ್ಷಿ. ಆದರೆ ಓಟದ ಪಂದ್ಯಕ್ಕೆ ಅಂಥ ಸಾಕ್ಷಿಯಿಲ್ಲ. ಬೆಳಗ್ಗೆ ಮೈದಾನದ ತುಂಬ ಜನ, ಗದ್ದಲ, ಹೊಗೆ, ಧೂಳು. ಸಂಜೆಯಾಗುತ್ತಲೇ ನೆಲದ ಮೇಲೆ ನಾಲ್ಕು ಟೈರಿನ ಗೆರೆಗಳು ಮಾತ್ರ. ಅವನ್ನೂ ಮುಂದಿನ ಮಳೆ ತೊಳೆದುಬಿಡುತ್ತದೆ. ಗೆದ್ದವನ ಕೈಯಲ್ಲಿ ಒಂದು ಬೆಳ್ಳಿಯ ಬಟ್ಟಲು ಉಳಿದೀತು. ಆದರೆ ಅವನು ತಿರುವಿನಲ್ಲಿ ಎಷ್ಟು ಬಾಗಿದ್ದ, ಅವನ ಹಿಂದೆಯೇ ಇದ್ದವನು ಯಾರು, ಆ ಹೊತ್ತು ಬೇಲಿಯಾಚೆ ನಿಂತವರ ಮುಖಗಳು ಹೇಗಿದ್ದವು ಎಂಬುದನ್ನು ಬೆಳ್ಳಿಯ ಬಟ್ಟಲು ಹೇಳಲಾರದು. ಅದನ್ನು ಹೇಳಬಲ್ಲುದು ಅಲ್ಲಿ ನಿಂತಿದ್ದ ಛಾಯಾಗ್ರಾಹಕನ ಚಿತ್ರವೊಂದೇ.

ನಮ್ಮ ನಾಡಿನ ಮೋಟಾರ್ ಸೈಕಲ್ ಪಂದ್ಯಗಳ ಆರಂಭಕಾಲವನ್ನೂ, ಅವುಗಳ ಚಿತ್ರ ತೆಗೆದವರ ಕೆಲಸವನ್ನೂ ಕುರಿತು ಇಂದು ಕೆಲವು ಮಾತು ಹೇಳಬೇಕೆಂದಿದ್ದೇನೆ. ಕನ್ನಡದ ಮೇಷ್ಟ್ರಿಗೂ ಮೋಟಾರ್ ಸೈಕಲ್ಲಿಗೂ ಎಲ್ಲಿಯ ಸಂಬಂಧವೆಂದು ಕೇಳುಗರು ನಕ್ಕಾರು. ಸಂಬಂಧವಿದೆ. ಶಾಸನಗಳನ್ನು ಓದುವ ವಿದ್ಯೆಗೂ ಹಳೆಯ ಛಾಯಾಚಿತ್ರಗಳನ್ನು ಓದುವ ವಿದ್ಯೆಗೂ ಇರುವ ಸಂಬಂಧ ಅದು.

ಮೊದಲು ಸ್ವಲ್ಪ ಹಿನ್ನೆಲೆ. ಮೈಸೂರು ರಾಜ್ಯದ ಕೈಗಾರಿಕಾ ಚರಿತ್ರೆಯಲ್ಲಿ 1961 ನೆನಪಿಡಬೇಕಾದ ವರ್ಷ. ಆ ವರ್ಷ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ, ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಅದೇ ವರ್ಷ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ಲುಗಳು ಹೊರಬರತೊಡಗಿದವು. ಒಂದೂರಿನಲ್ಲಿ ಕಾಲವನ್ನು ಅಳೆಯುವ ಯಂತ್ರ, ಇನ್ನೊಂದೂರಿನಲ್ಲಿ ಕಾಲವನ್ನು ಹಿಂದಿಕ್ಕಲು ಹೊರಟ ಯಂತ್ರ! ಜಾವಾ ಎಂಬುದು ಚೆಕೊಸ್ಲೊವಾಕಿಯದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಆರಂಭಿಸಿದ ಉದ್ಯಮದ ಹೆಸರು. ಅದನ್ನು ಮೈಸೂರಿಗೆ ತಂದವರು ಇರಾನಿ ಮನೆತನದವರು. ಅವರಿಗೆ ಬೆಂಬಲವಾಗಿ ನಿಂತವರು ಜಯಚಾಮರಾಜ ಒಡೆಯರು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ, ಎಣ್ಣೆ ಬೆರೆಸಿದ ಪೆಟ್ರೋಲಿನ ನೀಲಿ ಹೊಗೆ: ಹಳೆಯ ಮೈಸೂರಿನ ಬೀದಿಗಳಲ್ಲಿ ಬೆಳೆದವರಿಗೆ ಇವನ್ನು ವಿವರಿಸಬೇಕಾಗಿಲ್ಲ. 1973ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಬೈಕು ಇದ್ದಮೇಲೆ ಪಂದ್ಯ ಬೇಡವೇ? ಓಡಿಸಲು ಜಾಗವನ್ನು ಒದಗಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧಕಾಲದಲ್ಲಿ ದೇಶದ ಅನೇಕ ಕಡೆ ವಿಮಾನಗಳಿಗಾಗಿ ಉದ್ದನೆಯ ಓಟಪಟ್ಟಿಗಳನ್ನು ಹಾಕಿದ್ದರು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಬರಿದಾಗಿ ಬಿದ್ದವು. ಮದರಾಸಿನ ಉತ್ತರಕ್ಕೆ, ಕಲ್ಕತ್ತೆಗೆ ಹೋಗುವ ಹೆದ್ದಾರಿಯ ಕಡೆ ಇರುವ ಶೋಲಾವರಂ ಅಂಥದೊಂದು. 1953ರಲ್ಲಿ ಆರಂಭವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷವರ್ಷವೂ ಕಾರು ಮತ್ತು ಮೋಟಾರ್ ಸೈಕಲ್ ಪಂದ್ಯಗಳನ್ನು ನಡೆಸಿದರು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ಸಿದ್ಧವಾಗುವವರೆಗೆ ದಕ್ಷಿಣದ ವೇಗಪ್ರಿಯರಿಗೆಲ್ಲ ಶೋಲಾವರಂ ಒಂದು ಜಾತ್ರೆಯ ಸ್ಥಳವಾಗಿತ್ತು. ಬೆಂಗಳೂರಿನಿಂದಲೂ ಸವಾರರು ಅಲ್ಲಿಗೆ ಹೋಗುತ್ತಿದ್ದರು. ಅವರೊಡನೆ ಮೆಕ್ಯಾನಿಕ್ಕುಗಳು ಹೋಗುತ್ತಿದ್ದರು. ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ ಕೆಲವರೂ ಹೋಗುತ್ತಿದ್ದರು.

ಹಾಗೆ ಹೋದವರಲ್ಲೊಬ್ಬರು ನಮ್ಮ ಅಬ್ಬಿಗೆರೆಯಲ್ಲಿದ್ದಾರೆ. ಅಬ್ಬಿಗೆರೆ ಎಂದರೆ ಜಾಲಹಳ್ಳಿಗೂ ಚಿಕ್ಕಬಾಣಾವರಕ್ಕೂ ನಡುವಣ ಊರು; ನಿವೃತ್ತನಾದ ಮೇಲೆ ನಾನು ನೆಲೆಸಿರುವ ಸ್ಥಳ. ಲೇತುಗಳ ಸದ್ದು ಇಲ್ಲಿ ಹಗಲೆಲ್ಲ ಕೇಳುತ್ತದೆ. ಆ ಹಿರಿಯರ ಹೆಸರು ಇಲ್ಲಿ ಬೇಡ. ಹೆಸರಿಗೆ ಅವರು ಒಪ್ಪುವವರೂ ಅಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆ, ನಾಮಕರಣಗಳ ಚಿತ್ರ ತೆಗೆದು ಜೀವನ ನಡೆಸುತ್ತಿದ್ದ ಅವರು ವರ್ಷಕ್ಕೊಮ್ಮೆ ರಾತ್ರಿಯ ರೈಲು ಹತ್ತಿ ಶೋಲಾವರಕ್ಕೆ ಹೋಗಿ ಬರುತ್ತಿದ್ದರಂತೆ. ಅದರಿಂದ ಹಣ ಬಂತೇ ಎಂದು ಕೇಳಿದೆ. “ಹೋದ ಖರ್ಚು ಬಂದರೆ ಅದೇ ಹೆಚ್ಚು, ಮೇಷ್ಟ್ರೇ. ಮದುವೆ ಮನೆಯಲ್ಲಿ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಲ್ಲದವರ ಫೋಟೋ ತೆಗೆಯಬೇಕು ಅನ್ನೋ ಹುಚ್ಚು ಅದು” ಎಂದರು.

ನಿಲ್ಲದವರ ಚಿತ್ರ ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಅವರ ಕ್ಯಾಮೆರಾದ ಅತ್ಯಂತ ಚುರುಕಾದ ಷಟರು ಸೆಕೆಂಡಿನ 500ನೆಯ ಒಂದು ಭಾಗ ತೆರೆದಿರುತ್ತಿತ್ತು. ಅಷ್ಟರಲ್ಲೇ ಬೈಕು ಐದೂವರೆ ಸೆಂಟಿಮೀಟರ್ ಸರಿದಿರುತ್ತದೆ. ಸೆಕೆಂಡಿನ 60ನೆಯ ಒಂದು ಭಾಗವೆಂದರೆ 46 ಸೆಂಟಿಮೀಟರ್, ಹೆಚ್ಚುಕಡಮೆ ಒಂದು ಮೊಳ. ನಿಂತಲ್ಲೇ ನಿಂತು ಗುಂಡಿ ಒತ್ತಿದರೆ ಚಿತ್ರದಲ್ಲಿ ಸಿಗುವುದು ಬೈಕಲ್ಲ, ಅದರ ಮಸುಕು. ಆದುದರಿಂದ ಬೈಕಿನೊಡನೆಯೇ ಸೊಂಟ ತಿರುಗಿಸುತ್ತ ಕ್ಯಾಮೆರಾವನ್ನು ಅದೇ ವೇಗದಲ್ಲಿ ಒಯ್ಯಬೇಕು. ಒಯ್ಯುತ್ತಿರುವಾಗಲೇ ಗುಂಡಿ ಒತ್ತಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಆಗ ಸವಾರ ಸ್ಪಷ್ಟವಾಗಿ ಮೂಡುತ್ತಾನೆ, ಹಿಂದಿನ ಜನ, ಮರ, ಬೇಲಿಯೆಲ್ಲ ಗೆರೆಗೆರೆಯಾಗಿ ಹರಿದುಹೋಗುತ್ತವೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಇಂದಿಗೂ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆದಾಗ ಕ್ಯಾಮೆರಾ ಹಿಡಿದವರೆಲ್ಲ ಒಂದೇ ತಾಳಕ್ಕೆ ಕುಣಿಯುವವರಂತೆ ತಿರುಗುವುದನ್ನು ಕಾಣಬಹುದು.

ಆದರೆ ಅಂದಿನವರಿಗೆ ಇನ್ನೊಂದು ತೊಡಕಿತ್ತು. ನಮ್ಮ ಸ್ಟುಡಿಯೋಗಳಲ್ಲಿ ಆಗ ಬಹುವಾಗಿ ಬಳಕೆಯಲ್ಲಿದ್ದುದು ರೋಲಿಫ್ಲೆಕ್ಸ್, ಯಾಷಿಕಾ ಮುಂತಾದ ಎರಡು ಲೆನ್ಸಿನ ಕ್ಯಾಮೆರಾ. ಅದನ್ನು ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದರ ಗಾಜಿನಲ್ಲಿ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತದೆ. ಬೈಕು ಎಡದಿಂದ ಬಲಕ್ಕೆ ಓಡಿದರೆ ಗಾಜಿನಲ್ಲಿ ಅದು ಬಲದಿಂದ ಎಡಕ್ಕೆ ಓಡುತ್ತದೆ! ಮದುವೆಯ ಹೆಣ್ಣು ಗಂಡಿಗೆ ಇದರಿಂದ ತೊಂದರೆಯಿಲ್ಲ. ಓಡುವ ಬೈಕಿನ ವಿಷಯದಲ್ಲಿ ಕಣ್ಣು ಒಂದು ಕಡೆ, ಕೈ ಒಂದು ಕಡೆ ಎಳೆಯುತ್ತದೆ. ಹೀಗಾಗಿ ಕ್ಯಾಮೆರಾದ ಮೇಲಿನ ಮುಚ್ಚಳದ ಎಲೆಯನ್ನು ಒಳಗೆ ಮಡಿಸಿ, ಅಲ್ಲಿ ತೆರೆದುಕೊಳ್ಳುವ ಚೌಕದ ಕಿಂಡಿಯ ಮೂಲಕ ನೇರವಾಗಿ ನೋಡುತ್ತಿದ್ದರು. ಆಗ ದೂರ ಸರಿಯಾಗಿದೆಯೇ ಎಂದು ತಿಳಿಯುವಂತಿಲ್ಲ. ಅದಕ್ಕಾಗಿ ತಿರುವಿನ ಬಳಿ ನೆಲದ ಮೇಲೊಂದು ಗುರುತು ನೋಡಿಟ್ಟುಕೊಂಡು, ಮೊದಲೇ ಆ ದೂರಕ್ಕೆ ಲೆನ್ಸನ್ನು ಹೊಂದಿಸಿ, ಬೈಕು ಆ ಗುರುತಿಗೆ ಬರುವ ಕ್ಷಣಕ್ಕೆ ಕಾದಿರುತ್ತಿದ್ದರು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಫಿಲ್ಮಿಗೆ ಬರಗಾಲದ ಕಾಲ; ಪೂರ್ವ ಜರ್ಮನಿಯ ಓರ್ವೋ, ಇಲ್ಲವೆ 1967ರಿಂದ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’. ಎರಡು ರೋಲು ಒಯ್ದವನಿಗೆ ಇಡೀ ದಿನಕ್ಕೆ ಇಪ್ಪತ್ತನಾಲ್ಕು ಕ್ಷಣಗಳು. ಯಾವುದನ್ನು ಬಿಡಬೇಕೆಂಬುದನ್ನು ತಿಳಿದವನೇ ಆಗ ಒಳ್ಳೆಯ ಛಾಯಾಗ್ರಾಹಕ.

ಈ ಕಷ್ಟ ನಮ್ಮವರೊಬ್ಬರದೇ ಆಗಿರಲಿಲ್ಲ. ವೇಗದ ಚಿತ್ರಗಳ ಚರಿತ್ರೆಯಲ್ಲಿ ಎಲ್ಲರೂ ಹೆಸರಿಸುವ ಚಿತ್ರವೊಂದಿದೆ. ಅದನ್ನು ತೆಗೆದವನು ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್. 1894ರಲ್ಲಿ ಹುಟ್ಟಿದ ಆತ ಎಳೆಯ ಹುಡುಗನಾಗಿದ್ದಾಗಲೇ ತಂದೆ ಕೊಟ್ಟ ಕ್ಯಾಮೆರಾ ಹಿಡಿದವನು. ಹಾರುವ, ಜಿಗಿಯುವ, ಓಡುವ ಸಮಸ್ತವನ್ನೂ ಚಿತ್ರ ತೆಗೆದವನು. ಹದಿಹರೆಯ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಗ್ರಾಂ ಪ್ರೀ ಕಾರು ಪಂದ್ಯವೊಂದರಲ್ಲಿ ಅವನು ತೆಗೆದ ಚಿತ್ರದಲ್ಲಿ ಚಕ್ರ ದುಂಡಗಿಲ್ಲ. ಮುಂದಕ್ಕೆ ಬಾಗಿದ ಮೊಟ್ಟೆಯಂತಿದೆ. ಹಿಂದೆ ನಿಂತ ಜನ ಗಾಳಿಗೆ ಸಿಕ್ಕ ಜೋಳದ ದಂಟುಗಳಂತೆ ಇನ್ನೊಂದು ಕಡೆಗೆ ವಾಲಿದ್ದಾರೆ. ಇದರ ಕಾರಣ ಸರಳ. ಅವನ ಕ್ಯಾಮೆರಾದಲ್ಲಿ ಷಟರು ಒಮ್ಮೆಗೇ ತೆರೆಯದೆ, ಒಂದು ಸಣ್ಣ ಸೀಳು ಗಾಜಿನ ಫಲಕದ ಮುಂದೆ ಹಾದುಹೋಗುತ್ತಿತ್ತು. ಚಕ್ರದ ಒಂದು ತುದಿ ಮೂಡಿ ಇನ್ನೊಂದು ತುದಿ ಮೂಡುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಅವನು ಕ್ಯಾಮೆರಾವನ್ನು ತಿರುಗಿಸುತ್ತಿದ್ದುದರಿಂದ ಜನ ಹಿಂದಕ್ಕೆ ಬಿದ್ದರು. ಯಂತ್ರದ ದೋಷವೇ ವೇಗದ ಭಾಷೆಯಾಯಿತು. ಮುಂದೆ ಚಿತ್ರಕಥೆಗಳಲ್ಲಿ ಓಡುವ ಗಾಡಿಗಳ ಚಕ್ರಗಳನ್ನು ಬಾಗಿಸಿ ಬರೆಯುವುದು ರೂಢಿಯಾದುದನ್ನು ನಾವೆಲ್ಲ ಬಲ್ಲೆವು.

ಲಾರ್ತಿಗನ ಈ ಬಗೆಯ ಚಿತ್ರಗಳು ಲೋಕಕ್ಕೆ ತಿಳಿದದ್ದು 1963ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ಅವು ಪ್ರದರ್ಶನಗೊಂಡಾಗ. ಆಗ ಅವನಿಗೆ ಅರವತ್ತೊಂಬತ್ತು ವರ್ಷ. ತಾರುಣ್ಯದ ಕೆಲಸವನ್ನು ಮುಪ್ಪಿನಲ್ಲಿ ತಿರುಗಿ ನೋಡುವ ಸಂದರ್ಭ ಬಂದಾಗ ಒಂದು ಸ್ವಾರಸ್ಯ ನಡೆಯಿತು. ಆ ಕಾರಿನ ಚಿತ್ರ 1912ರ ಜೂನ್ 26ರಂದು ದಿಯೆಪ್ ಎಂಬಲ್ಲಿ ತೆಗೆದದ್ದೆಂದು ದಾಖಲಾಯಿತು. ಪುಸ್ತಕಗಳೆಲ್ಲ ಹಾಗೆಯೇ ಅಚ್ಚು ಮಾಡಿದವು. ಆದರೆ ಕಾರಿನ ಮೇಲೆ 6 ಎಂಬ ಅಂಕಿ ಇದೆ. ಪಂದ್ಯಗಳ ಪಟ್ಟಿಯನ್ನು ಹಿಡಿದು ಆ ಅಂಕಿಯ ಜಾಡನ್ನು ಅನುಸರಿಸಿದವರು ಅದು 1913ರಲ್ಲಿ ಆಮಿಯೆನ್ಸ್ ಎಂಬಲ್ಲಿ ನಡೆದ ಪಂದ್ಯದ ಕಾರೆಂದು ತೋರಿಸಿದರು. ಚಿತ್ರ ತೆಗೆದವನ ಲೆಕ್ಕ ಒಂದು ವರ್ಷ ತಪ್ಪಿತ್ತು. ಚಿತ್ರದೊಳಗಿನ ಅಂಕಿ ತಪ್ಪಿರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪದಲ್ಲಿ 1907ರಿಂದ ಮೋಟಾರ್ ಸೈಕಲ್ ಪಂದ್ಯ ನಡೆದು ಬಂದಿದೆ. 1911ರಿಂದ ಅದು ಬೆಟ್ಟದ ದಾರಿಗೂ ಏರಿತು. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರ್. ಆ ದಾರಿಯಲ್ಲಿ ಈವರೆಗೆ 250ಕ್ಕೂ ಹೆಚ್ಚು ಸವಾರರು ಪ್ರಾಣ ಕಳೆದುಕೊಂಡಿದ್ದಾರೆ. ಅಲ್ಲಿಯ ಡಗ್ಲಸ್ ಪಟ್ಟಣದ ಕೀಗ್ ಮನೆತನದ ಸ್ಟುಡಿಯೋದವರು ಪಂದ್ಯಕ್ಕೆ ಬಂದ ಸವಾರರನ್ನು ಅವರವರ ಬೈಕಿನೊಡನೆ, ಅವರವರ ಸಂಖ್ಯೆಯೊಡನೆ ನಿಲ್ಲಿಸಿ ಚಿತ್ರ ತೆಗೆಯುವ ಪದ್ಧತಿಯನ್ನು ಹಲವು ದಶಕ ನಡೆಸಿದರು. ನೋಡಲು ಅವು ಸಾದಾ ಚಿತ್ರಗಳು, ಅವುಗಳಲ್ಲಿ ವೇಗವಿಲ್ಲ. ಆದರೆ ಇಂದು ಆ ಪಂದ್ಯದ ಚರಿತ್ರೆ ಬರೆಯುವವರಿಗೆ ಅವೇ ಆಧಾರ. ಆ ಬೆಟ್ಟದಿಂದ ಹಿಂದಿರುಗದ ಎಷ್ಟೋ ತರುಣರ ಮುಖ ಹೆಸರಿನೊಡನೆ ಉಳಿದದ್ದು ಆ ಪದ್ಧತಿಯಿಂದ.

ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದಾಗ ನನಗೆ ನೆನಪಾಗುವುದು ನಮ್ಮ ವೀರಗಲ್ಲು. ನಮ್ಮ ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಹೇಳುತ್ತಾರೆ. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ರೂಪ ಅದರಲ್ಲಿದೆ, ಅದರೊಡನೆ ಅಕ್ಷರಗಳಿವೆ. ಆ ರೂಪವೊಂದೇ ಇದ್ದು ಅಕ್ಷರವಿಲ್ಲದಿದ್ದರೆ ನಮಗೆ ಅವನು ಯಾರೋ ಒಬ್ಬ ವೀರ. ನಾಡಿನ ಊರೂರಿನ ಬೇಲಿಯಂಚಿನಲ್ಲಿ ಅಂಥ ಹೆಸರಿಲ್ಲದ ಕಲ್ಲುಗಳು ಎಷ್ಟಿಲ್ಲ! ಕುದುರೆ ನೆಗೆಯುತ್ತಿದೆ, ಬಾಣ ಹಾರುತ್ತಿದೆ, ಕತ್ತಿ ಎತ್ತಿದ ಕೈ ಎತ್ತಿದಂತೆಯೇ ಇದೆ; ಆದರೆ ಆ ಕೈ ಯಾರದೆಂದು ಹೇಳುವವರಿಲ್ಲ. ಅದೇ ಕಿತ್ತಯ್ಯನ ಹೆಸರು ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ದಾಟಿ, ನಗರದ ರಸ್ತೆ ಕಾಮಗಾರಿಗಳನ್ನೂ ದಾಟಿ, ನಮ್ಮ ಬಾಯಿಗೆ ಬಂದಿದೆ. ಕ್ಷಣವನ್ನು ಹಿಡಿದು ನಿಲ್ಲಿಸಿದ್ದು ಶಿಲ್ಪಿಯ ಉಳಿ. ಮನುಷ್ಯನನ್ನು ಉಳಿಸಿದ್ದು ಲಿಪಿಕಾರನ ಅಕ್ಷರ.

ನಮ್ಮ ಛಾಯಾಗ್ರಾಹಕರ ಮನೆಯಲ್ಲಿ ಒಂದು ಟ್ರಂಕಿನ ತುಂಬ ನೆಗೆಟಿವ್‌ಗಳಿವೆ. ಕೆಲವದರ ಲಕೋಟೆಯ ಮೇಲೆ ‘ಶೋಲಾವರಂ’ ಎಂದಷ್ಟೇ ಬರೆದಿದೆ. ಬಹಳಷ್ಟರ ಮೇಲೆ ಏನೂ ಇಲ್ಲ. ಕಳೆದ ವರ್ಷ ಒಬ್ಬ ತರುಣ, ಅವನ ತಾಯಿ ಅವರನ್ನು ಹುಡುಕಿಕೊಂಡು ಬಂದರು. ಆ ತಾಯಿಯ ತಂದೆ ಹಿಂದೆ ಬೈಕ್ ಪಂದ್ಯಗಳಲ್ಲಿ ಓಡಿಸುತ್ತಿದ್ದವರು. ಆಕೆ ಕೈಗೂಸಾಗಿದ್ದಾಗಲೇ ತೀರಿಕೊಂಡವರು. ಮನೆಯಲ್ಲಿ ಇದ್ದದ್ದು ಗುರುತಿನ ಚೀಟಿಗೆ ತೆಗೆಸಿದ ಒಂದು ಸಣ್ಣ ಚಿತ್ರ. ಬೈಕಿನ ಮೇಲೆ ಕೂತ ಅಪ್ಪನನ್ನು ಒಮ್ಮೆ ನೋಡಬೇಕೆಂಬುದು ಆಕೆಯ ಆಸೆ. “ಅಪ್ಪನ ನಂಬರು ಹದಿನೇಳು ಅಂತ ಅಮ್ಮ ಹೇಳ್ತಿದ್ದರು” ಎಂಬುದೊಂದೇ ಸುಳಿವು. ನಮ್ಮವರು ನನ್ನನ್ನೂ ಕರೆಸಿದರು. ನಾಲ್ವರೂ ಕೂತು ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ಎರಡು ದಿನ ನೋಡಿದೆವು.

ಶಾಸನದ ಕಾಲವನ್ನು ಅಕ್ಷರದ ಆಕಾರದಿಂದ ಗೊತ್ತುಮಾಡುವುದನ್ನು ನಾವು ಎಂ.ಎ. ತರಗತಿಯಲ್ಲಿ ಕಲಿತಿದ್ದೆವು. ಇಲ್ಲಿ ಅಕ್ಷರದ ಬದಲು ಬೇರೆ ಗುರುತುಗಳು. ಪೆಟ್ರೋಲ್ ಟ್ಯಾಂಕಿನ ಮೇಲೆ ಜಾವಾ ಎಂದಿದ್ದರೆ ಆ ಬೈಕು 1973ರ ಆಚೀಚೆಗೆ ಮೊದಲಿನದು, ಯೆಜ್ಡಿ ಎಂದಿದ್ದರೆ ಅನಂತರದ್ದು. ಹಿನ್ನೆಲೆಯಲ್ಲಿ ನಿಂತ ಗಾಡಿಗಳ ಸಾಲಿನಲ್ಲಿ ರಾಜ್‌ದೂತ್ 350 ಕಂಡರೆ 1983ಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ; ಯಮಹಾ ಆರ್‌ಎಕ್ಸ್ 100 ಕಂಡರೆ 1985ಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ. ನೋಂದಣಿ ಸಂಖ್ಯೆ ‘ಕೆಎ’ ಎಂದು ಮೊದಲಾದರೆ ಅದು 1989ರ ಹೊಸ ಪದ್ಧತಿಯ ನಂತರದ್ದು. ಬಟ್ಟಲು ಕವುಚಿದಂಥ ಹೆಲ್ಮೆಟ್ಟು ಹಳೆಯದು, ಮುಖವೆಲ್ಲ ಮುಚ್ಚುವ ಹೆಲ್ಮೆಟ್ಟು ಈಚಿನದು. ಒಂದೊಂದೂ ದುರ್ಬಲ ಸಾಕ್ಷಿ. ಎರಡು ಮೂರು ಸೇರಿದರೆ ಬಲ. ಬೈಕಿಗೆ ವಯಸ್ಸಾದ ಮೇಲೂ ಓಡಿಸುವವರುಂಟು ಎಂಬುದನ್ನು ಮರೆಯುವಂತಿಲ್ಲ.

ಹದಿನೇಳನೆಯ ಸಂಖ್ಯೆಯ ಸವಾರ ಸಿಕ್ಕಿದ. ಆದರೆ ಒಬ್ಬನಲ್ಲ, ಇಬ್ಬರು. ಬೇರೆ ಬೇರೆ ವರ್ಷದ ಪಂದ್ಯಗಳು. ಸಂಖ್ಯೆ ಮಾತ್ರ ಒಂದೇ. ಇಬ್ಬರೂ ಯೆಜ್ಡಿಯ ಮೇಲಿದ್ದಾರೆ, ಇಬ್ಬರ ಮುಖವೂ ಹೆಲ್ಮೆಟ್ಟಿನ ನೆರಳಿನಲ್ಲಿದೆ. ಒಬ್ಬ ತಿರುವಿನಲ್ಲಿ ಮೊಣಕಾಲು ಹೊರಗೆ ಚಾಚಿದ್ದಾನೆ, ಇನ್ನೊಬ್ಬ ಟ್ಯಾಂಕಿಗೆ ಗದ್ದ ಒತ್ತಿ ಮಲಗಿದ್ದಾನೆ. ಆ ತಾಯಿ ಬಹಳ ಹೊತ್ತು ಎರಡನ್ನೂ ನೋಡಿದರು. ನಮ್ಮವರು ತಲೆ ತಗ್ಗಿಸಿ, “ಅವತ್ತು ಲಕೋಟೆ ಮೇಲೆ ಒಂದು ಹೆಸರು ಬರೆದಿದ್ದರೆ ಆಗ್ತಿತ್ತು, ತಾಯಿ” ಎಂದರು. ಆಕೆ, “ಎರಡೂ ಕೊಡಿ ಸಾರ್. ಒಬ್ಬರು ಅಪ್ಪ, ಇನ್ನೊಬ್ಬರು ಅಪ್ಪನ ಜೊತೆಯವರು” ಎಂದು ಎರಡರ ಪ್ರತಿಗಳನ್ನೂ ತೆಗೆದುಕೊಂಡು ಹೋದರು.

ಕಾಲ ಈಗ ಬದಲಾಗಿದೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ದಕ್ಷಿಣ ಅಮೆರಿಕದ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಬೈಕ್ ಸವಾರರಾದರು. 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಅದೇ ರ‍್ಯಾಲಿಯ ಕೊನೆ ಮುಟ್ಟಿದರು. ಅವರ ಸವಾರಿಯ ಚಿತ್ರಗಳೊಂದಿಗೆ ದಿನ, ಗಂಟೆ, ಸ್ಥಳ ಎಲ್ಲವೂ ತಾವಾಗಿಯೇ ದಾಖಲಾಗುತ್ತವೆ. ಇವರ ಹಿರಿಯಣ್ಣಂದಿರು, ಸ್ವಂತ ಗ್ಯಾರೇಜಿನಲ್ಲಿ ಇಂಜಿನ್ನಿಗೆ ಬೋರ್ ಮಾಡಿಸಿಕೊಂಡು, ಸಾಲ ಮಾಡಿ ಟೈರು ಕೊಂಡು, ಯುದ್ಧಕಾಲದ ಒರಟು ಓಟಪಟ್ಟಿಯ ಮೇಲೆ ಓಡಿಸಿದವರು, ಅವರಿಗೆ ಉಳಿದಿರುವುದು ಇಂಥ ಟ್ರಂಕುಗಳು ಮಾತ್ರ.

ಆ ಟ್ರಂಕುಗಳೂ ಶಾಶ್ವತವಲ್ಲ. ಹಳೆಯ ಅಸಿಟೇಟ್ ಫಿಲ್ಮು ಸೆಕೆಗೂ ತೇವಕ್ಕೂ ಸಿಕ್ಕಿ ಕೊಳೆಯತೊಡಗಿದಾಗ ವಿನೆಗರ್ ವಾಸನೆ ಬರುತ್ತದೆ. ಕ್ರಮೇಣ ಸುಕ್ಕುಗಟ್ಟಿ ಮುದುರುತ್ತದೆ. ಒಂದು ಕೊಳೆತರೆ ಅದರ ಆವಿ ಪಕ್ಕದ್ದನ್ನೂ ಕೊಳೆಸುತ್ತದೆ. ಇನ್ನು ಸ್ಟುಡಿಯೋ ಮುಚ್ಚಿದಾಗ ಒಳಗಿನ ಬೆಳ್ಳಿಯ ಆಸೆಗೆ ನೆಗೆಟಿವ್‌ಗಳನ್ನು ತೂಕಕ್ಕೆ ಕೊಂಡುಹೋಗುವವರೂ ಇದ್ದರು. ಗಾಜಿನ ಫಲಕಗಳನ್ನು ತೊಳೆದು ಪಟಗಳಿಗೆ ಕಟ್ಟು ಹಾಕಲು ಬಳಸಿದ್ದೂ ಉಂಟು. ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಿ ಬಳಸಿದ ನಮಗೆ ಇದು ಹೊಸತಲ್ಲ.

ಆದುದರಿಂದ ಕೇಳುಗರಲ್ಲಿ ನನ್ನದೊಂದು ಸಣ್ಣ ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಸ್ಟುಡಿಯೋದ ಕಪಾಟಿನಲ್ಲಿ ಇಂಥ ಚಿತ್ರಗಳಿದ್ದರೆ ಅವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ತಂಪಾದ ಒಣ ಜಾಗದಲ್ಲಿಡಿ. ವಾಸನೆ ಬರುವುದನ್ನು ಬೇರೆಯಾಗಿಡಿ. ಆಮೇಲೆ, ಆ ಕಾಲವನ್ನು ಕಂಡವರು ಇರುವಾಗಲೇ ಅವರ ಮುಂದೆ ಆ ಚಿತ್ರಗಳನ್ನು ಹರಡಿ ಕೇಳಿ. ಯಾರು, ಎಲ್ಲಿ, ಯಾವಾಗ ಎಂಬ ಮೂರು ಮಾತುಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಪ್ರತಿಯ ಹಿಂಬದಿಯಲ್ಲಿ ಬರೆಯಿರಿ. ಖಚಿತವಿಲ್ಲದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ. ಸುಳ್ಳು ಹೆಸರಿಗಿಂತ ಪ್ರಶ್ನೆಚಿಹ್ನೆ ಮೇಲು. ಅಬ್ಬಿಗೆರೆಯ ಆ ಹಿರಿಯರು ಈಗ ದಿನಕ್ಕೆ ಹತ್ತು ಲಕೋಟೆಗಳಂತೆ ಈ ಕೆಲಸ ಮಾಡುತ್ತಿದ್ದಾರೆ. ಅವರ ಜೊತೆಗೆ ಪಂದ್ಯ ಕಂಡ ಮೆಕ್ಯಾನಿಕ್ಕೊಬ್ಬರು ಭಾನುವಾರಗಳಂದು ಬಂದು ಕೂರುತ್ತಾರೆ. ಇಂಜಿನ್ನಿನ ಆಕಾರ ನೋಡಿ ಸವಾರನ ಹೆಸರು ಹೇಳಬಲ್ಲ ಜಾಣರು ಅವರು. ಈವರೆಗೆ ನಲವತ್ತೊಂದು ಚಿತ್ರಗಳಿಗೆ ಹೆಸರು ಬಂದಿದೆ.